ಅಕ್ಕನ ಬ್ಲಾಕು

2022ರ ಏಪ್ರಿಲ್‌ನ ಒಂದು ಬೆಳಿಗ್ಗೆ ಮುಂಬೈನ ಹಾರ್ಬರ್ ಲೈನಿನ ಲೋಕಲ್‌ ರೈಲಿನಲ್ಲಿ ಊಟದ ಡಬ್ಬಿಯನ್ನು ಎದೆಗೆ ಅವುಚಿಕೊಂಡು ನಿಂತಿದ್ದೆ. ವಾಶಿಯಲ್ಲಿ ಹತ್ತಿದವನು ಶಿವಡಿಯಲ್ಲಿ ಇಳಿಯಬೇಕಿತ್ತು. ಡಬ್ಬಿಯೊಳಗೆ ರೊಟ್ಟಿ ಇರಲಿಲ್ಲ, ಅರಳೆಯಲ್ಲಿ ಸುತ್ತಿದ ಒಂದು ಮೇಣದ ಬಿಲ್ಲೆ ಇತ್ತು. ಬೆಂಕಿಪೊಟ್ಟಣಕ್ಕಿಂತ ಸಣ್ಣದು. ಹಿಂಬದಿಗೆ ಪ್ಲಾಸ್ಟಿಕ್ ಚೌಕಟ್ಟು, ಅದರ ಅಂಚಿನಲ್ಲಿ ಒಂದು ನಂಬರು. ಮೇಣದ ನಡುವೆ ಹೊಲಿಗೆ ದಾರದ ತುಂಡಿನ ಹಾಗೆ ಏನೋ ಬೆಳ್ಳಗೆ ಕಾಣುತ್ತಿತ್ತು. ಅದು ನನ್ನ ಅಕ್ಕನ ಶ್ವಾಸಕೋಶದ ತುಣುಕು. ಆಸ್ಪತ್ರೆಯಲ್ಲಿ ಇದಕ್ಕೆ ಬ್ಲಾಕ್ ಅನ್ನುತ್ತಾರೆ. ಬಿಸಿಲಿಗೆ ಇಡಬೇಡಿ, ಕಳೆಯಬೇಡಿ, ಇದು ಇನ್ನೊಂದು ಸಿಗುವುದಿಲ್ಲ ಎಂದು ಕೌಂಟರಿನಲ್ಲಿದ್ದ ಹುಡುಗ ಸಹಿ ಹಾಕಿಸಿಕೊಂಡು ಕೊಟ್ಟಿದ್ದ. ಕುರ್ಲಾದಲ್ಲಿ ಜನ ನುಗ್ಗಿದಾಗ ಡಬ್ಬಿಯನ್ನು ತಲೆಯ ಮೇಲೆತ್ತಿ ಹಿಡಿದೆ.

ಆ ದಾರದಲ್ಲಿ ಪರೀಕ್ಷೆಗೆ ಬೇಕಾಗುವಷ್ಟು ಏನೂ ಉಳಿದಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ.

ಅಕ್ಕ ಇಂಡಿ ತಾಲ್ಲೂಕಿನವಳು. ಅವಳ ಗಂಡ, ನನ್ನ ಮಾಮಾನದು ಆರು ಎಕರೆ ಹೊಲ, ಅದರಲ್ಲಿ ಎರಡು ಎಕರೆ ಲಿಂಬಿ ತೋಟ. ನಾನು ವಾಶಿ ಎಪಿಎಂಸಿಯ ಒಂದು ಗಾಳಾದಲ್ಲಿ, ಅಂದರೆ ಮಂಡಿಯಲ್ಲಿ, ಇಪ್ಪತ್ತು ವರ್ಷದಿಂದ ಲೆಕ್ಕ ಬರೆಯುತ್ತೇನೆ, ಮನೆ ಕೋಪರ್‌ಖೈರಣೆಯಲ್ಲಿ. ನಮ್ಮವ್ವ ಬೇಗ ತೀರಿಕೊಂಡದ್ದರಿಂದ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅಕ್ಕನೇ. ಎರಡನೇ ಇಯತ್ತೆಗೆ ಅವಳ ಶಾಲೆ ಬಿಡಿಸಿದ್ದೂ ನನ್ನನ್ನು ನೋಡಿಕೊಳ್ಳಲೆಂದೇ.

2021ರ ದೀಪಾವಳಿಯ ಹೊತ್ತಿಗೆ ಅವಳಿಗೆ ಕೆಮ್ಮು ಹಿಡಿಯಿತು. ಊರ ಕಡೆಯ ಒಬ್ಬ ಡಾಕ್ಟರು ಎಕ್ಸ್‌ರೇ ತೆಗೆಸಿ, ಬಲಗಡೆ ಬಿಳಿ ಕಂಡದ್ದೇ ಟಿಬಿ ಎಂದರು. ಕಫದ ಪರೀಕ್ಷೆಯಲ್ಲಿ ಟಿಬಿ ಕಾಣಲಿಲ್ಲ, ಆದರೂ ಔಷಧಿ ಶುರುವಾಯಿತು. ಮೂರು ತಿಂಗಳು, ಆ ಔಷಧಿಯಿಂದ ಬರುವ ಕೆಂಪು ಮೂತ್ರ ನೋಡಿಕೊಂಡು ಗುಳಿಗೆ ನುಂಗಿದಳು. ಕೆಮ್ಮು ನಿಲ್ಲಲಿಲ್ಲ, 52 ಕಿಲೋ ಇದ್ದವಳು 43ಕ್ಕೆ ಇಳಿದಳು. ನಮ್ಮ ದೇಶದಲ್ಲಿ ಟಿಬಿ ಇಷ್ಟೊಂದಿರುವಾಗ ಆ ಊಹೆ ತಪ್ಪೆಂದು ನಾನು ಹೇಳಲಾರೆ. ಆದರೆ ಕಫದಲ್ಲಿ ಸಿಗದೆ, ಔಷಧಿಗೂ ಜಗ್ಗದೆ ಇದ್ದಾಗ ಮೂರು ತಿಂಗಳು ಕಾದದ್ದು ತಪ್ಪು. ಹಿಂತಿರುಗಿ ಬಾರದ ಆ ಮೂರು ತಿಂಗಳಿಗಾಗಿ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಶಿವರಾತ್ರಿ ಮುಗಿದ ವಾರ ಸೊಲ್ಲಾಪುರಕ್ಕೆ ಬಂದು ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹತ್ತಿದರು. ಕಲ್ಯಾಣದಲ್ಲಿ ಇಳಿಸಿಕೊಂಡಾಗ ಅಕ್ಕನಿಗೆ ಪ್ಲಾಟ್‌ಫಾರ್ಮಿನ ಮೆಟ್ಟಿಲು ಹತ್ತಲು ಆಗಲಿಲ್ಲ. ಮನೆಗೆ ಹತ್ತಿರದ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಸಿಟಿ ಸ್ಕ್ಯಾನಿನಲ್ಲಿ ಬಲ ಶ್ವಾಸಕೋಶದ ಕೆಳಭಾಗದಲ್ಲಿ ಗಡ್ಡೆ, ಶ್ವಾಸಕೋಶದ ಸುತ್ತ ನೀರು. ಸ್ಕ್ಯಾನ್ ನೋಡಿಕೊಂಡು ಹೊರಗಿನಿಂದಲೇ ಸೂಜಿ ತೂರಿಸಿ ತುಣುಕು ತೆಗೆಯುವಾಗ ಉಸಿರು ಹಿಡಿದು ಅಲುಗದೆ ಮಲಗಬೇಕು. ಅಕ್ಕನಿಗೆ ಕೆಮ್ಮು ತಡೆಯಲಾಗಲಿಲ್ಲ. ಒಂದೇ ಒಂದು ತೆಳ್ಳನೆಯ ಎಳೆ ಸಿಕ್ಕಿತು, ಸಾಕು ಎಂದು ನಿಲ್ಲಿಸಿದರು.

ಐದು ದಿನಕ್ಕೆ ವರದಿ ಬಂತು. ಅಡಿನೋಕಾರ್ಸಿನೋಮಾ, ಅಂದರೆ ಶ್ವಾಸಕೋಶದ ಕ್ಯಾನ್ಸರಿನ ಒಂದು ಬಗೆ, ನಾಲ್ಕನೇ ಹಂತ. ಶ್ವಾಸಕೋಶದ ಸುತ್ತಲಿನ ನೀರಿನಲ್ಲೂ ಅದೇ ಜೀವಕೋಶಗಳು ಇದ್ದುದರಿಂದ ನಾಲ್ಕನೇ ಹಂತ.

“ನಾ ಎಂದರ ಬೀಡಿ ಸೇದೇನೇನೋ ತಮ್ಮಾ?” ಅಂದಳು ಅಕ್ಕ. ತಂಬಾಕು ಬಾಯಿಗೆ ಹಾಕಿದವಳಲ್ಲ. ನೋಡಲು ಬಂದವರೆಲ್ಲ ಮೊದಲು ಕೇಳಿದ್ದೂ ಅದನ್ನೇ, ಏನು ಚಟ ಇತ್ತು ಎಂದು. ಹಾಸಿಗೆಯಲ್ಲಿ ಮಲಗಿದವಳು ಪ್ರತಿ ಸಲವೂ ಇಲ್ಲ ಇಲ್ಲ ಎಂದು ಸಾಕ್ಷಿ ಹೇಳುವವಳ ಹಾಗೆ ಉತ್ತರ ಕೊಡುತ್ತಿದ್ದಳು. ಅದನ್ನು ಕೇಳಿಸಿಕೊಳ್ಳಲು ನನಗೆ ಆಗುತ್ತಿರಲಿಲ್ಲ. ಹೊಗೆ ಮುಟ್ಟದ ಹೆಂಗಸರಿಗೂ ಈ ಕಾಯಿಲೆ ಬರುತ್ತದೆ, ಮತ್ತು ಅಂಥವರ ಗಡ್ಡೆಯಲ್ಲೇ ಔಷಧಿಗೆ ಬಗ್ಗುವಂಥ ಜೀನ್ ಬದಲಾವಣೆ ಸಿಗುವ ಸಂಭವ ಹೆಚ್ಚು. ಇದು ಆಗ ತಿಳಿದಿದ್ದರೆ ಬಂದವರ ಬಾಯಿ ಮುಚ್ಚಿಸುತ್ತಿದ್ದೆ.

ಮುಂದಿನದನ್ನು ಸ್ವಲ್ಪ ನಿಧಾನವಾಗಿ ಬರೆಯುತ್ತೇನೆ, ಏಕೆಂದರೆ ನಾವು ಎಡವಲಿದ್ದದ್ದು ಅಲ್ಲಿಯೇ.

ಆಸ್ಪತ್ರೆಯವರು ಆ ಒಂದು ಎಳೆಯಿಂದಲೇ ಹಾಳೆ ಹಾಳೆಯಾಗಿ ಕತ್ತರಿಸಿ, ಬೇರೆ ಬೇರೆ ಬಣ್ಣ ಹಾಕಿ, ಗಡ್ಡೆ ಎಲ್ಲಿಯದು, ಯಾವ ಜಾತಿಯದು ಎಂದು ನೋಡಿದ್ದರು. ಇಮ್ಯುನೋಥೆರಪಿ, ಅಂದರೆ ಮೈಯ ರೋಗನಿರೋಧಕ ಶಕ್ತಿಯನ್ನೇ ಗಡ್ಡೆಯ ಮೇಲೆ ಎಬ್ಬಿಸುವ ಔಷಧಿ, ನಾಟುವ ಸಂಭವ ಎಷ್ಟೆಂದು ನೋಡುವ ಪಿಡಿ-ಎಲ್1 ಎಂಬ ಇನ್ನೊಂದು ಪರೀಕ್ಷೆಯನ್ನೂ ಅದರಿಂದಲೇ ಮಾಡಿದ್ದರು. ಅದರ ಅಂಕಿ ಜಾಸ್ತಿ ಬಂತು. ಜೀನ್ ಪರೀಕ್ಷೆಗೆ ಕೊನೆಗೆ ಕಳಿಸಿದ್ದರು, ಅದರ ವರದಿಗೆ ಇನ್ನೂ ವಾರಗಳು ಬೇಕಿದ್ದವು. ಅಲ್ಲಿಯ ಡಾಕ್ಟರು, “ಪಿಡಿ-ಎಲ್1 ಚೆನ್ನಾಗಿದೆ, ಇಮ್ಯುನೋಥೆರಪಿ ಶುರು ಮಾಡಿಬಿಡೋಣ, ಸುಮ್ಮನೆ ದಿನ ಕಳೆಯುವುದು ಬೇಡ” ಎಂದರು. ಸೋಮವಾರಕ್ಕೆ ದಿನವೂ ಗೊತ್ತಾಯಿತು, ಎಷ್ಟು ಕಟ್ಟಬೇಕು ಎಂದು ಚೀಟಿಯೂ ಬಂತು. ಮಾಮಾ ಊರಿಗೆ ಫೋನ್ ಮಾಡಿ ಎರಡು ಎತ್ತು ಮಾರಲು ಹೇಳಿದ್ದ.

ಶನಿವಾರ ಲ್ಯಾಬಿನಿಂದ ಫೋನ್ ಬಂತು. ಮಾದರಿ ಸಾಲದು, ಪರೀಕ್ಷೆ ಆಗಿಲ್ಲ. ಆಸ್ಪತ್ರೆಯಲ್ಲಿ ಕೇಳಿದರೆ, ಪರವಾಗಿಲ್ಲ, ಸೋಮವಾರ ಬನ್ನಿ ಎಂದರು. ಪರವಾಗಿಲ್ಲ ಅಂದದ್ದು ನನಗೆ ನುಂಗಲಾಗದ ತುತ್ತಾಯಿತು. ಒಂದು ಪರೀಕ್ಷೆ ಬೇಕು ಎಂದು ದುಡ್ಡು ತೆಗೆದುಕೊಂಡವರು, ಅದು ಆಗದಿದ್ದರೂ ನಡೆಯುತ್ತದೆ ಅನ್ನುವುದು ಹೇಗೆ? ನಮ್ಮ ಗಾಳಾದಲ್ಲಿ ತೂಕದ ಚೀಟಿ ಇಲ್ಲದೆ ಒಂದು ಚೀಲ ಲಿಂಬಿಯನ್ನೂ ನಾನು ಖಾತೆಗೆ ಹತ್ತಿಸುವುದಿಲ್ಲ. ಬ್ಲಾಕನ್ನೂ ಸ್ಲೈಡುಗಳನ್ನೂ ಕೊಡಿ ಎಂದು ಬರೆದುಕೊಟ್ಟೆ. ರೋಗಿಯ ಕಡೆಯವರು ಬರೆದು ಕೇಳಿದರೆ ಅವು ಸಾಮಾನ್ಯವಾಗಿ ಸಿಗುತ್ತವೆ ಎಂಬುದನ್ನು ಓದುವವರು ದಯವಿಟ್ಟು ನೆನಪಿಡಿ. ಹಾಗೆ ಆ ಡಬ್ಬಿ ಹಿಡಿದು ನಾನು ಲೋಕಲ್ ಹತ್ತಿದ್ದು.

ಪರೇಲಿನ ಟಾಟಾ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ 1941ರಿಂದ ಇದೆ. ಅದರ ಎದುರಿನ ಫುಟ್‌ಪಾತಿನಲ್ಲಿ ಅರ್ಧ ಭಾರತ ಕೂತಿರುತ್ತದೆ. ನಾನು ನಿಂತ ಸಾಲಿನಲ್ಲೇ ಕಲಬುರಗಿಯ ಒಬ್ಬರು, ಬೀದರಿನ ಇಬ್ಬರು ಸಿಕ್ಕರು. ಕನ್ನಡ ಕಿವಿಗೆ ಬಿದ್ದದ್ದೇ ಒಬ್ಬರ ಫೈಲು ಒಬ್ಬರು ಬಿಚ್ಚಿ ನೋಡತೊಡಗಿದೆವು. ಬೀದರಿನ ಹುಡುಗ ತನ್ನ ತಂದೆಯ ಕಾಗದ ತೋರಿಸಿ, “ಇಲ್ಲಿ ನೋಡ್ರಿ ಅಣ್ಣಾರ, ಇದರಾಗ ಇಜಿಎಫ್‌ಆರ್ ಅಂತ ಐತಿ, ನಿಮ್ಮದರಾಗ ಆ ಹಾಳೀನೇ ಇಲ್ಲ” ಎಂದ. ಇಜಿಎಫ್‌ಆರ್ ಎಂಬ ಹೆಸರನ್ನು ನಾನು ಮೊದಲು ಕೇಳಿದ್ದು ಆ ಹುಡುಗನ ಬಾಯಿಂದ.

ಬ್ಲಾಕನ್ನು ನೋಡಿದ ಮೇಲೆ ಹೇಳಿದರು, ಇದರಲ್ಲಿ ಇನ್ನು ಕತ್ತರಿಸಲು ಏನೂ ಇಲ್ಲ. ನಾನು ಅಲ್ಲೇ ಕುಸಿದೆ. ನಾವು ಡಾಕ್ಟರ್ ಬಾಯಿ ಅನ್ನುತ್ತಿದ್ದ ಅಲ್ಲಿಯ ವೈದ್ಯೆ ಮಾತ್ರ ಸ್ಕ್ಯಾನ್ ಮೇಲೆ ಬೆರಳಿಟ್ಟು, ಇಷ್ಟು ನೀರು ಇದೆಯಲ್ಲ, ಅದನ್ನು ತೆಗೆಯೋಣ ಎಂದರು. ಬೆನ್ನಿನ ಕಡೆಯಿಂದ ಸೂಜಿ ಹಾಕಿ 900 ಮಿಲಿಲೀಟರ್ ನೀರು ತೆಗೆದರು. ಅಕ್ಕನಿಗೆ ಅಂದೇ ರಾತ್ರಿ ಒರಗಿ ಮಲಗಲು ಬಂತು. ಆ ನೀರನ್ನು ಯಂತ್ರದಲ್ಲಿ ಗಿರ್ರೆಂದು ತಿರುಗಿಸಿ, ತಳಕ್ಕೆ ಕೂತ ಜೀವಕೋಶಗಳನ್ನು ಮುದ್ದೆಗಟ್ಟಿಸಿ, ಮೇಣದಲ್ಲಿ ಹುದುಗಿಸಿದರೆ ಅದೂ ಒಂದು ಬ್ಲಾಕ್. ಸೆಲ್ ಬ್ಲಾಕ್ ಅನ್ನುತ್ತಾರೆ. ಹಿಂದಿನ ಆಸ್ಪತ್ರೆಯಲ್ಲೂ ಇಷ್ಟೇ ನೀರು ಇತ್ತು, ಅಲ್ಲೂ ಹೀಗೆ ಮಾಡಬಹುದಿತ್ತು.

ಈ ಇಜಿಎಫ್‌ಆರ್ ಎಂದರೆ ಏನು ಎಂದು ಮಾಮಾ ಕೇಳಿದ. ಇಂಡಿಯ ಕಡೆಯವನಾದ್ದರಿಂದ ಮರಾಠಿ ಅವನಿಗೆ ಮನೆಮಾತಿನಷ್ಟೇ ಸಲೀಸು. ಡಾಕ್ಟರ್ ಬಾಯಿ ವಿವರಿಸಿದರು: ಜೀವಕೋಶದ ಮೈಮೇಲೆ ಒಂದು ಪ್ರೋಟೀನ್ ಇರುತ್ತದೆ, ಹೊರಗಿನಿಂದ ಬೆಳೆಯಬೇಕೆಂಬ ಸಂಕೇತ ಬಂದಾಗ ಅದು ಒಳಗೆ ಸುದ್ದಿ ಮುಟ್ಟಿಸುತ್ತದೆ, ಸಂಕೇತ ನಿಂತರೆ ಸುಮ್ಮನಾಗುತ್ತದೆ. ಆ ಪ್ರೋಟೀನಿನ ಜೀನಿನಲ್ಲಿ ಕೆಲವೊಮ್ಮೆ ಒಂದು ಚೂರು ತಪ್ಪಾಗುತ್ತದೆ. ಆಮೇಲೆ ಯಾರೂ ಕರೆಯದಿದ್ದರೂ ಅದು ಬೆಳೆ, ಬೆಳೆ ಎಂದು ಕೂಗುತ್ತಲೇ ಇರುತ್ತದೆ.

ಮಾಮಾ ಸ್ವಲ್ಪ ಹೊತ್ತು ಸುಮ್ಮನಿದ್ದ. “ಅಂದ್ರ ನಮ್ಮ ಬೋರಿನ ಸ್ಟಾರ್ಟರ್ ಇದ್ದಂಗ ಅನ್ರಿ. ಹಸಿರು ಗುಂಡಿ ಒತ್ತಿದ್ರ ಮೋಟಾರ್ ಚಾಲೂ, ಕೆಂಪು ಗುಂಡಿ ಒತ್ತಿದ್ರ ಬಂದ್. ಇದರಾಗ ಹಸಿರು ಗುಂಡಿ ಒತ್ತಿದ್ದು ಒತ್ತಿದಂಗೇ ಸಿಗಿಬಿದ್ದೈತಿ.”

ಹೌದು, ಹಾಗೆಯೇ ಎಂದರು ಡಾಕ್ಟರ್ ಬಾಯಿ. ಆ ಪ್ರೋಟೀನಿಗೆ ಶಕ್ತಿ ಬಂದು ಕೂರುವ ಒಂದು ಸಂದು ಇದೆ. ಗೆಫಿಟಿನಿಬ್‌ನಂಥ ಮಾತ್ರೆ ಆ ಸಂದಿನಲ್ಲಿ ತಾನೇ ಹೋಗಿ ಕೂತುಬಿಡುತ್ತದೆ, ಶಕ್ತಿಗೆ ಜಾಗ ಸಿಗುವುದಿಲ್ಲ. “ಫ್ಯೂಸ್ ಕಿತ್ತಂಗ,” ಅಂದ ಮಾಮಾ. “ಮತ್ತ ಕೀಮೋ ಅಂದ್ರ ಟ್ರಾನ್ಸ್‌ಫಾರ್ಮರ್‌ನೇ ಬಂದ್ ಮಾಡೋದು. ಎಲ್ಲಾರ ಹೊಲಾನೂ ಒಣಗ್ತಾವ.” ನಾನು ಆಮೇಲೆ ಎಷ್ಟೋ ಓದಿದೆ, ಮಾಮಾ ಹೇಳಿದ್ದಕ್ಕಿಂತ ಚೆನ್ನಾಗಿ ನನಗೆ ಯಾವುದೂ ತಿಳಿಸಲಿಲ್ಲ.

ಹಾಗಾದರೆ ಮಾತ್ರೆಯನ್ನು ಈಗಲೇ ಕೊಟ್ಟುಬಿಡಿ, ವರದಿ ಬರುವ ತನಕ ಏಕೆ ಕಾಯಬೇಕು ಎಂದು ಕೇಳಿದೆ. ಅಲ್ಲಿ ಅವರು ಖಂಡಿತವಾಗಿ ಬೇಡ ಎಂದರು. ಗೆಫಿಟಿನಿಬ್‌ಗೆ ಜಪಾನಿನಲ್ಲಿ 2002ರಲ್ಲಿ, ಅಮೆರಿಕದಲ್ಲಿ 2003ರಲ್ಲಿ ಅನುಮತಿ ಸಿಕ್ಕಾಗ ಜೀನ್ ನೋಡದೆಯೇ ಕೊಡುತ್ತಿದ್ದರಂತೆ. ಬಹಳ ಜನರಿಗೆ ಏನೂ ಆಗುತ್ತಿರಲಿಲ್ಲ, ಕೆಲವರಲ್ಲಿ ಮಾತ್ರ ಗಡ್ಡೆ ವಾರಗಳಲ್ಲಿ ಕರಗುತ್ತಿತ್ತು. ಏಕೆಂದು 2004ರಲ್ಲಿ ಅಮೆರಿಕದ ಸಂಶೋಧಕರು ಕಂಡುಹಿಡಿದರು: ಕರಗಿದ ಗಡ್ಡೆಗಳ ಇಜಿಎಫ್‌ಆರ್ ಜೀನಿನಲ್ಲಿ ತಪ್ಪು ಇತ್ತು. 2009ರಲ್ಲಿ ಪೂರ್ವ ಏಷ್ಯಾದ 1217 ರೋಗಿಗಳ ಮೇಲೆ ನಡೆದ ಐಪಾಸ್ ಅಧ್ಯಯನ ಇನ್ನೊಂದು ಮಾತು ಹೇಳಿತು. ತಪ್ಪು ಇದ್ದವರಿಗೆ ಕೀಮೋಗಿಂತ ಮಾತ್ರೆ ಒಳ್ಳೆಯದು, ತಪ್ಪು ಇಲ್ಲದವರಿಗೆ ಅದೇ ಮಾತ್ರೆ ಕೀಮೋಗಿಂತ ಕೆಟ್ಟದ್ದು. ನಮ್ಮ ದೇಶದಲ್ಲಿ ಅಡಿನೋಕಾರ್ಸಿನೋಮಾ ಇರುವವರಲ್ಲಿ ಸುಮಾರು ಕಾಲು ಭಾಗದಷ್ಟು ಜನರಲ್ಲಿ ಈ ತಪ್ಪು ಸಿಗುತ್ತದೆ. ಅಂದರೆ ಊಹೆಯ ಮೇಲೆ ಕೊಟ್ಟರೆ ಸೋಲುವವರೇ ಹೆಚ್ಚು.

ಇಮ್ಯುನೋಥೆರಪಿಯ ವಿಷಯವನ್ನೂ ಕೇಳಿದೆ. ಇಜಿಎಫ್‌ಆರ್ ತಪ್ಪು ಇರುವ ಗಡ್ಡೆಗೆ ಅದು ಸಾಮಾನ್ಯವಾಗಿ ನಾಟುವುದಿಲ್ಲ, ಪಿಡಿ-ಎಲ್1 ಎಷ್ಟೇ ಇರಲಿ. ಅಷ್ಟೇ ಆಗಿದ್ದರೆ ದುಡ್ಡು ಹೋಯಿತು ಅನ್ನಬಹುದಿತ್ತು. ಅದನ್ನು ಕೊಟ್ಟ ಸ್ವಲ್ಪ ದಿನಕ್ಕೇ, ಇಜಿಎಫ್‌ಆರ್ ತಪ್ಪಿಗೆ ಕೊಡುವ ಒಸಿಮರ್ಟಿನಿಬ್ ಎಂಬ ಹೊಸ ಮಾತ್ರೆ ಕೊಡಬೇಕಾಗಿ ಬಂದರೆ ಶ್ವಾಸಕೋಶವೇ ಉರಿಯೂತಕ್ಕೆ ಸಿಕ್ಕುವ ಅಪಾಯ ಹೆಚ್ಚುತ್ತದೆ. ಆ ಸೋಮವಾರ ನಾವು ಹೋಗಿದ್ದರೆ ಎಂದು ನೆನೆದರೆ ಈಗಲೂ ಕೈ ತಣ್ಣಗಾಗುತ್ತದೆ.

ಹದಿನಾರು ದಿನ ಕಾದೆವು. ಇಡೀ ಕಥೆಯಲ್ಲಿ ಕಠಿಣವಾದದ್ದು ಅದೇ. ಊರಿಂದ ದಿನಕ್ಕೆ ಹತ್ತು ಫೋನು. “ಇನ್ನೂ ಔಷಧ ಚಾಲೂ ಮಾಡಿಲ್ಲೇನೋ? ಮುಂಬೈಗೆ ಕರಕೊಂಡು ಹೋಗಿ ಸುಮ್ಮ ಕುಂದರಿಸಿಯಲ್ಲೋ!” ಎಂದು ದೊಡ್ಡಪ್ಪ ಗದರಿದರು. ಒಬ್ಬರು ನಾಟಿ ಔಷಧಿಯ ಪುಡಿ ಕಳಿಸಿದರು. ನನ್ನ ಹೆಂಡತಿ ಅದನ್ನು ಡಬ್ಬಿಯ ಹಿಂದೆ ಮುಚ್ಚಿಟ್ಟು, ಅಕ್ಕನಿಗೆ ಕಾಣದ ಹಾಗೆ ನೋಡಿಕೊಂಡಳು. ಅಕ್ಕನ ಮಗ, ನನ್ನ ಅಳಿಯ, ಹೊರಗೆ ಗ್ಯಾಲರಿಗೆ ಕರೆದು, “ಮಾಮಾ, ಜೀನ್ ಅಂದ್ರ ಹುಟ್ಟಿನಿಂದ ಬರೋದಲ್ಲ? ನಮಗೂ ಬರ್ತೈತೇನು?” ಎಂದು ಮೆಲ್ಲಗೆ ಕೇಳಿದ. ಅವನಿಗೆ ಎರಡು ವರ್ಷದ ಮಗಳಿದ್ದಳು. ಮರುದಿನವೇ ಡಾಕ್ಟರ್ ಬಾಯಿಯನ್ನು ಕೇಳಿ ತಿಳಿಸಿದೆ: ಈ ತಪ್ಪು ಇದ್ದರೂ ಸಾಮಾನ್ಯವಾಗಿ ಗಡ್ಡೆಯ ಜೀವಕೋಶಗಳಲ್ಲಿ ಮಾತ್ರ ಆದದ್ದು, ಅಕ್ಕ ಹುಟ್ಟುವಾಗ ತಂದದ್ದಲ್ಲ, ಹಡೆದ ಮಕ್ಕಳಿಗೆ ಕೊಟ್ಟದ್ದೂ ಅಲ್ಲ. ಅವನು ಅಂದು ಮೊದಲ ಸಲ ಹೊಟ್ಟೆ ತುಂಬ ಉಂಡ.

ಅಕ್ಕ ಮಾತ್ರ ಒಂದು ದಿನವೂ ಅವಸರ ಮಾಡಲಿಲ್ಲ. “ಬಿತ್ತೂಕಿಂತ ಮೊದಲ ನೆಲ ನೋಡ್ತಾರಲ್ಲ, ನೋಡ್ಲಿ ಬಿಡು” ಅಂದಳು.

ಮೇ ತಿಂಗಳಲ್ಲಿ ವರದಿ ಬಂತು: ಎಕ್ಸಾನ್ 19 ಡಿಲೀಶನ್, ಸಿಕ್ಕಿದೆ. ಇಜಿಎಫ್‌ಆರ್ ಜೀನಿನಲ್ಲಿ 28 ಎಕ್ಸಾನುಗಳು, ಪುಸ್ತಕದ ಅಧ್ಯಾಯಗಳಿದ್ದಂತೆ. ಹತ್ತೊಂಬತ್ತನೆಯದರಲ್ಲಿ ಒಂದು ಸಣ್ಣ ಸಾಲು ಉದುರಿಹೋಗಿತ್ತು. ಹೀಗೆ ಉದುರುವುದು ಹೆಚ್ಚಾಗಿ ಡಿಎನ್‌ಎಯ 15 ಅಕ್ಷರ, ಅಂದರೆ ಪ್ರೋಟೀನ್ ಎಂಬ ಸರದಲ್ಲಿ ಐದು ಮಣಿ (ಅಮೈನೋ ಆಮ್ಲ). ಇನ್ನೊಂದು ಬಗೆ ಇಪ್ಪತ್ತೊಂದನೆಯದರಲ್ಲಿ, 858ನೇ ಮಣಿ ಬದಲಾಗಿರುವುದು. ಸಿಗುವ ಇಜಿಎಫ್‌ಆರ್ ತಪ್ಪುಗಳಲ್ಲಿ ಬಹುಪಾಲು ಇವೆರಡೇ, ಎರಡೂ ಮಾತ್ರೆಗೆ ಬಗ್ಗುವಂಥವು. ಇಪ್ಪತ್ತನೆಯದರಲ್ಲಿ ಹೊಸ ಅಕ್ಷರ ತೂರಿಕೊಂಡಿದ್ದರೆ ಗೆಫಿಟಿನಿಬ್ ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ. ಇಜಿಎಫ್‌ಆರ್ ಪಾಸಿಟಿವ್ ಎಂದಷ್ಟೇ ಬರೆದುಕೊಂಡು ಬರುವವರಿಗೆ ನಾನು ಈಗ ಹೇಳುವುದು ಇದನ್ನೇ, ಎಕ್ಸಾನ್ ನಂಬರನ್ನೂ ಬರೆದುಕೊಳ್ಳಿ.

ಮೂರು ದಾರಿ ಮುಂದಿಟ್ಟರು. ಒಂದು, ಒಸಿಮರ್ಟಿನಿಬ್. ಗೆಫಿಟಿನಿಬ್‌ನಂಥ ಹಳೆಯ ಮಾತ್ರೆಗಳಲ್ಲಿ ಗಡ್ಡೆ ಮತ್ತೆ ಬೆಳೆಯುವ ತನಕದ ಮಧ್ಯಮ ಅವಧಿ (ಅರ್ಧ ಜನರಿಗೆ ಇದಕ್ಕಿಂತ ಹೆಚ್ಚು, ಅರ್ಧ ಜನರಿಗೆ ಕಡಿಮೆ) 10.2 ತಿಂಗಳಾದರೆ ಇದರಲ್ಲಿ 18.9 ತಿಂಗಳು ಎಂದು 2018ರಲ್ಲಿ ಪ್ರಕಟವಾದ ಫ್ಲೌರಾ ಅಧ್ಯಯನ ತೋರಿಸಿತ್ತು. ಬೆಲೆ ಕೇಳಿ ನಾವು ನಾಲ್ವರೂ ಮುಖ ಮುಖ ನೋಡಿಕೊಂಡೆವು. ಎರಡನೆಯದು, ಗೆಫಿಟಿನಿಬ್ ಜೊತೆಗೆ ಕೀಮೋ. ಇದನ್ನು ಟಾಟಾದಲ್ಲಿಯೇ 350 ರೋಗಿಗಳ ಮೇಲೆ ನೋಡಿದ್ದರು. ಅದೇ ಅವಧಿ ಮಾತ್ರೆ ಒಂದೇ ಆದರೆ 8 ತಿಂಗಳು, ಕೀಮೋ ಸೇರಿದರೆ 16. ಆದರೆ ತೀವ್ರ ಅಡ್ಡಪರಿಣಾಮ ಶೇ. 25ರಿಂದ ಶೇ. 51ಕ್ಕೆ ಏರಿತ್ತು. ಮೂರನೆಯದು ಗೆಫಿಟಿನಿಬ್ ಒಂದೇ. ಅಕ್ಕ ಆಗ 41 ಕಿಲೋ ಇದ್ದಳು, ನಾಲ್ಕು ಹೆಜ್ಜೆಗೆ ಕೂರುತ್ತಿದ್ದಳು. ಮೂರನೆಯದನ್ನೇ ಆರಿಸಿದೆವು. ಅವಳು ಸ್ವಲ್ಪ ಗಟ್ಟಿಯಿದ್ದಿದ್ದರೆ ಎರಡನೆಯದನ್ನು ಬಿಡುತ್ತಿರಲಿಲ್ಲ. ಊರಲ್ಲಿ ಕಳೆದುಹೋದ ಮೂರು ತಿಂಗಳು ಮತ್ತೆ ನನ್ನೆದುರಿಗೆ ಬಂದು ನಿಂತದ್ದು ಅಲ್ಲಿ.

ದಿನಕ್ಕೆ ಒಂದು ಮಾತ್ರೆ, 250 ಮಿಲಿಗ್ರಾಂ. ಹನ್ನೊಂದನೆಯ ದಿನ ಬೆಳಿಗ್ಗೆ ಎಚ್ಚರವಾದಾಗ ಮನೆಯಲ್ಲಿ ಏನೋ ಕಡಿಮೆಯಾಗಿದೆ ಅನ್ನಿಸಿತು. ಕೆಮ್ಮು ಕೇಳಿಸುತ್ತಿರಲಿಲ್ಲ. ಹೆದರಿ ಎದ್ದು ಹೋಗಿ ನೋಡಿದರೆ ಅಕ್ಕ ಅಡುಗೆಮನೆಯಲ್ಲಿ ಕೂತು ಜೋಳದ ಹಿಟ್ಟು ನಾದುತ್ತಿದ್ದಳು. ರೊಟ್ಟಿ ಬಡಿಯುವ ಸಪ್ಪಳ ಆ ಮನೆಯಲ್ಲಿ ಅಷ್ಟು ಜೋರಾಗಿ ನಾನು ಕೇಳಿರಲಿಲ್ಲ. ಎರಡು ತಿಂಗಳ ಸ್ಕ್ಯಾನಿನಲ್ಲಿ ಗಡ್ಡೆ ಅರ್ಧಕ್ಕಿಂತ ಕಡಿಮೆಯಾಗಿತ್ತು.

ಮುಖದ ಮೇಲೆ ಮೊಡವೆಯಂಥ ಗುಳ್ಳೆ ಎದ್ದವು, ಉಗುರಿನ ಸಂದು ಬಾತು ಕೀವು ತುಂಬಿತು, ಭೇದಿ ಶುರುವಾಯಿತು. ಇವಕ್ಕೆಲ್ಲ ಮುಲಾಮು, ಮಾತ್ರೆ ಕೊಟ್ಟರು, ಹತೋಟಿಗೆ ಬಂದವು. ನಾವು ಮಾಡಿದ ಒಂದು ತಪ್ಪು ಮಾತ್ರ ಹೇಳಲೇಬೇಕು. ಅಕ್ಕ ಹಳೆಯ ಅಭ್ಯಾಸದಂತೆ ದಿನಾ ಬೆಳಿಗ್ಗೆ ಗ್ಯಾಸಿನ ಗುಳಿಗೆ ನುಂಗುತ್ತಿದ್ದಳು, ಅದನ್ನು ಔಷಧಿ ಎಂದು ನಾವ್ಯಾರೂ ಲೆಕ್ಕಕ್ಕೇ ಹಿಡಿದಿರಲಿಲ್ಲ. ಗೆಫಿಟಿನಿಬ್ ಮೈಗೆ ಹತ್ತಲು ಹೊಟ್ಟೆಯ ಆಮ್ಲ ಬೇಕು, ಗ್ಯಾಸಿನ ಗುಳಿಗೆ ಅದನ್ನೇ ಕಡಿಮೆ ಮಾಡುತ್ತದೆ. ಎರಡನೆಯ ಭೇಟಿಯಲ್ಲಿ ನರ್ಸ್ ಕೇಳಿದ್ದಕ್ಕೆ ಹೊರಬಂತು, ಅಂದೇ ನಿಲ್ಲಿಸಿದೆವು.

ಆ ಮಳೆಗಾಲದಲ್ಲೇ ಊರಿಗೆ ಹೋದಳು. ಹದಿಮೂರು ತಿಂಗಳು ಅಕ್ಕ ಅಕ್ಕನಾಗಿದ್ದಳು. ಆ ಕಾಲದ ಬಗ್ಗೆ ಬರೆಯುವುದಕ್ಕೆ ಹೆಚ್ಚೇನಿಲ್ಲ, ಸುಖದ ದಿನಗಳಲ್ಲಿ ಹೇಳುವಂಥದ್ದು ಕಡಿಮೆ. ಎಳ್ಳಮಾಸೆಗೆ ಹೊಲಕ್ಕೆ ಚರಗ ಚೆಲ್ಲಲು ಗಾಡಿ ಹತ್ತಿ ಹೋದ ಫೋಟೋ ನನ್ನ ಫೋನಿನಲ್ಲಿದೆ.

2023ರ ಜೂನ್ ಸ್ಕ್ಯಾನಿನಲ್ಲಿ ಗಡ್ಡೆ ಮತ್ತೆ ಬೆಳೆದಿತ್ತು, ಲಿವರಿನಲ್ಲೂ ಒಂದು ಚುಕ್ಕೆ. ಮಾತ್ರೆ ಸೋತಿತು ಎಂದು ನಾನು ಅಂದುಕೊಂಡೆ. ಡಾಕ್ಟರ್ ಬಾಯಿ ಹಾಗನ್ನಲಿಲ್ಲ. ಗಡ್ಡೆ ಬದಲಾಗಿದೆ, ಹೇಗೆ ಬದಲಾಗಿದೆ ಎಂದು ಮತ್ತೆ ನೋಡಬೇಕು ಎಂದರು. ಗೆಫಿಟಿನಿಬ್‌ನಂಥ ಮಾತ್ರೆ ಪಡೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಟಿ790ಎಂ ಎಂಬ ಎರಡನೆಯ ತಪ್ಪು ಹುಟ್ಟುತ್ತದೆ. ಮಾತ್ರೆ ಕೂರುತ್ತಿದ್ದ ಸಂದಿನ ಬಾಗಿಲಲ್ಲೇ, 790ನೇ ಮಣಿಯ ಜಾಗದಲ್ಲಿ, ದಪ್ಪದ ಇನ್ನೊಂದು ಮಣಿ ಬಂದು ಕೂರುತ್ತದೆ. ಮಾತ್ರೆಗೆ ಜಾಗ ಇಕ್ಕಟ್ಟಾಗುತ್ತದೆ, ಶಕ್ತಿಯ ಸೆಳೆತ ಮೊದಲಿಗಿಂತ ಜೋರಾಗುತ್ತದೆ.

ಅಕ್ಕನಿಗೆ ಮತ್ತೆ ಸೂಜಿ ಬೇಡವೆಂದು ಮೊದಲು ರಕ್ತದಲ್ಲಿ ನೋಡಿದರು. ಗಡ್ಡೆಯಿಂದ ಉದುರಿದ ಡಿಎನ್‌ಎ ಚೂರುಗಳು ರಕ್ತದಲ್ಲಿ ತೇಲುತ್ತಿರುತ್ತವಂತೆ, ಎರಡು ವಿಶೇಷ ಟ್ಯೂಬಿನಲ್ಲಿ ರಕ್ತ ತೆಗೆದು ಹುಡುಕುತ್ತಾರೆ. ವರದಿ: ಟಿ790ಎಂ ಕಂಡಿಲ್ಲ. ಮಾಮಾ ಆ ಸಂಜೆ ಪರೇಲಿನ ಬಸ್‌ಸ್ಟಾಪಿನಲ್ಲಿ ಕೂತು ಮುಖ ಮುಚ್ಚಿಕೊಂಡು ಅತ್ತ.

ಆದರೆ ಕಂಡಿಲ್ಲ ಅಂದರೆ ಇಲ್ಲ ಎಂದಲ್ಲ. ಈ ಒಂದು ವ್ಯತ್ಯಾಸ ನನಗೆ ತಿಳಿದದ್ದು ಆಗ, ತಿಳಿಯದೆ ಕೈಚೆಲ್ಲುವವರು ಎಷ್ಟು ಜನರೋ. ಗಡ್ಡೆ ರಕ್ತಕ್ಕೆ ಸಾಕಷ್ಟು ಚೂರು ಉದುರಿಸದಿದ್ದರೆ ತಪ್ಪು ಇದ್ದರೂ ರಕ್ತದಲ್ಲಿ ಸಿಗುವುದಿಲ್ಲ. ರಕ್ತದಲ್ಲಿ ಸಿಕ್ಕರೆ ನಂಬಬಹುದು, ಸಿಗದಿದ್ದರೆ ತುಣುಕೇ ಬೇಕು. ಲಿವರಿನ ಚುಕ್ಕೆಯಿಂದ ತುಣುಕು ತೆಗೆದರು. ಟಿ790ಎಂ ಇತ್ತು.

ಒಸಿಮರ್ಟಿನಿಬ್ ಹುಟ್ಟಿದ್ದೇ ಈ ತಪ್ಪನ್ನು ಗೆಲ್ಲಲು, ಅಮೆರಿಕದಲ್ಲಿ 2015ರಲ್ಲಿ ಅನುಮತಿ ಸಿಕ್ಕಿದ್ದೂ ಅದಕ್ಕಾಗಿಯೇ. ಇದು ಸಂದಿನಲ್ಲಿ ಬರೀ ಕೂರುವುದಿಲ್ಲ, 797ನೇ ಮಣಿಗೆ ಕೊಕ್ಕೆ ಹಾಕಿ ಕಚ್ಚಿಕೊಳ್ಳುತ್ತದೆ. 2017ರ ಔರಾ-3 ಅಧ್ಯಯನದಲ್ಲಿ, ಟಿ790ಎಂ ಇದ್ದವರಿಗೆ ಕೀಮೋ 4.4 ತಿಂಗಳು ತಡೆದರೆ ಇದು 10.1 ತಿಂಗಳು ತಡೆದಿತ್ತು. ಈ ಸಲ ದುಡ್ಡಿಗೆ ಹೆದರಿ ಹಿಂದೆ ಸರಿಯಬಾರದೆಂದು ಮಾಮಾ ಮೊದಲೇ ನಿರ್ಧರಿಸಿದ್ದ. ಒಂದು ಎಕರೆ ಹೋಯಿತು. ಕಂಪನಿಯ ಸಹಾಯ ಯೋಜನೆಗೆ ಅರ್ಜಿ, ಆದಾಯದ ಪತ್ರ, ತಹಸೀಲ್ದಾರರ ಸಹಿ, ಇವಕ್ಕಾಗಿ ಅಳಿಯ ಇಂಡಿಯಲ್ಲೂ ನಾನು ಇಲ್ಲಿಯೂ ಓಡಿದೆವು. ಸಹಾಯ ಸಿಕ್ಕಿತು. 2024ರ ಜುಲೈ ಬಜೆಟ್‌ನಲ್ಲಿ ಕೇಂದ್ರ ಸರ್ಕಾರ ಮೂರು ಕ್ಯಾನ್ಸರ್ ಔಷಧಿಗಳ ಆಮದು ಸುಂಕ ತೆಗೆದಾಗ ಅದರಲ್ಲಿ ಒಸಿಮರ್ಟಿನಿಬ್ ಕೂಡ ಇತ್ತು. ಗಾಳಾದ ಟಿವಿಯಲ್ಲಿ ಆ ಹೆಸರು ಕೇಳಿದಾಗ ಕೈಯಲ್ಲಿದ್ದ ಖಾತೆ ಪುಸ್ತಕ ಕೆಳಗಿಟ್ಟೆ. ಸುಂಕವೊಂದರಿಂದಲೇ ಈ ಔಷಧಿ ಬಡವರ ಕೈಗೆಟುಕುವುದಿಲ್ಲ, ಇನ್ನೂ ಬಹಳ ಇಳಿಯಬೇಕು. ಒಬ್ಬಳ ಉಸಿರಿಗೆ ಒಂದು ಎಕರೆ ಎಂಬ ಲೆಕ್ಕ ಯಾವ ಮನೆಯಲ್ಲೂ ಬರೆಯುವಂತಾಗಬಾರದು.

80 ಮಿಲಿಗ್ರಾಂ, ದಿನಕ್ಕೊಂದು. ಆಗಾಗ ಇಸಿಜಿ, ಮೂರು ತಿಂಗಳಿಗೊಮ್ಮೆ ಸ್ಕ್ಯಾನ್. ಲಿವರಿನ ಚುಕ್ಕೆ ಮಾಯವಾಯಿತು. ಗುಳ್ಳೆಗಳೂ ಕಡಿಮೆ. ಅಕ್ಕ 50 ಕಿಲೋ ಆದಳು. ಇಪ್ಪತ್ತು ತಿಂಗಳು ಹಾಗೆ ಕಳೆದವು.

2025ರ ಮಾರ್ಚ್‌ನಲ್ಲಿ ಬಲಗಡೆಯ ಹಳೆಯ ಜಾಗದಲ್ಲೇ ಮತ್ತೆ ಬೆಳವಣಿಗೆ ಕಂಡಿತು. ಈಗ ಏನೇನು ಆಗಿರಬಹುದು ಎಂದು ಡಾಕ್ಟರ್ ಬಾಯಿ ಹೇಳಿದರು. ಕೊಕ್ಕೆ ಹಾಕುತ್ತಿದ್ದ 797ನೇ ಮಣಿಯೇ ಬದಲಾಗಿರಬಹುದು. ಮೆಟ್ ಎಂಬ ಬೇರೊಂದು ಜೀನಿನ ಪ್ರತಿಗಳು ಹೆಚ್ಚಿ, ಇಜಿಎಫ್‌ಆರ್ ಬಂದ್ ಇದ್ದರೂ ಗಡ್ಡೆಗೆ ಬೇರೆ ದಾರಿ ಸಿಕ್ಕಿರಬಹುದು. “ಬಾಜೂ ಹೊಲದ ಮೋಟಾರಿನಿಂದ ನೀರು ಹಾಯಿಸಿಕೊಂಡಂಗ” ಅಂದ ಮಾಮಾ. ಇಲ್ಲವೇ ಗಡ್ಡೆಯೇ ಸ್ಮಾಲ್ ಸೆಲ್ ಎಂಬ ಇನ್ನೊಂದು ಜಾತಿಗೆ ತಿರುಗಿರಬಹುದು, ಆಗ ಕೀಮೋವೇ ಬೇರೆ. ಮೂರಕ್ಕೂ ದಾರಿ ಬೇರೆ ಬೇರೆ. ಜಾತಿ ತಿರುಗಿರುವುದು ರಕ್ತದಲ್ಲಿ ತಿಳಿಯುವುದಿಲ್ಲ, ತುಣುಕೇ ಬೇಕು.

ಕಳೆದ ಮೂರು ವರ್ಷದ ಬ್ಲಾಕುಗಳು ನಮ್ಮ ಮನೆಯ ಕಪಾಟಿನಲ್ಲಿ, ಹೊಲದ ಕಾಗದಗಳ ಜೊತೆಗೆ ಒಂದು ಸ್ಟೀಲ್ ಡಬ್ಬಿಯಲ್ಲಿವೆ. ಹೋಗುವ ಬೆಳಿಗ್ಗೆ ಅಕ್ಕ ತಾನೇ ಅದನ್ನು ತೆಗೆದು ಚೀಲಕ್ಕೆ ಹಾಕಿಕೊಂಡಳು. ಸಿಟಿ ಕೋಣೆಯ ಬಾಗಿಲಲ್ಲಿ ಸೂಜಿ ಹಾಕುವ ಎಳೆಯ ಡಾಕ್ಟರ್ ಒಪ್ಪಿಗೆ ಪತ್ರ ಹಿಡಿದು ನಿಂತಿದ್ದ. ಅಕ್ಕ ಹೆಬ್ಬೆಟ್ಟು ಒತ್ತಲಿಲ್ಲ, ತನ್ನ ಹೆಸರು ಬರೆದಳು. ಆಮೇಲೆ ಅವನ ಕೈ ಹಿಡಿದು ತನಗೆ ಬರುವ ಮರಾಠಿಯಲ್ಲಿ ಹೇಳಿದ್ದನ್ನು ನಮ್ಮ ಮಾತಿನಲ್ಲಿ ಬರೆದರೆ ಇಷ್ಟು: “ಸಣ್ಣ ತುಣುಕು ತಗೀಬ್ಯಾಡಪಾ ಮಗನ. ಎಲ್ಲಾ ಪರೀಕ್ಷಾಕ್ಕ ಸಾಲಬೇಕು, ಮೂರ್ನಾಕು ತಗಿ. ಉಸಿರು ನಾ ಹಿಡಕೊಂಡಿರ್ತೀನಿ.”